ಕೊಡದೊಳಗಿನ ಕಡಲು

ಲ್ಯಾಟಿನ್ ಭಾಷೆಯಲ್ಲಿ ‘ಅಕ್ವೇರಿಯಂ’ ಎಂದರೆ ದನಕರುಗಳಿಗೆ ನೀರು ಕುಡಿಸುವ ಜಾಗ. ನಮ್ಮ ಹಳ್ಳಿಗಳ ಗೋಕಟ್ಟೆ ಎಂದಿಟ್ಟುಕೊಳ್ಳಿ. ಫಿಲಿಪ್ ಹೆನ್ರಿ ಗಾಸ್ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞ ೧೮೫೪ರಲ್ಲಿ ತಾನು ಬರೆದ ಪುಸ್ತಕಕ್ಕೆ ಈ ಹೆಸರನ್ನಿಟ್ಟ. ಅದಕ್ಕೆ ಮೊದಲು ಜನ ‘ಅಕ್ವಾ ವಿವೇರಿಯಂ’, ‘ಮರೀನ್ ವಿವೇರಿಯಂ’ ಎಂದೆಲ್ಲ ನಾಲಿಗೆ ತೊಡರಿಸಿಕೊಳ್ಳುತ್ತಿದ್ದರು. ಗಾಸ್ ಇಟ್ಟ ಹೆಸರು ನಿಂತಿತು, ಗೋಕಟ್ಟೆ ಗಾಜಿನ ತೊಟ್ಟಿಯಾಯಿತು. ಭಾಷೆಯನ್ನು ಪಾಠ ಹೇಳಿ ಬದುಕುವ ನನ್ನಂಥವನಿಗೆ ಇಂಥ ಪದಗಳನ್ನು ಕಂಡರೆ ಬಿಡಲು ಮನಸ್ಸಾಗುವುದಿಲ್ಲ. ಈ ಪದದ ಬೆನ್ನು ಹತ್ತಿ ಹೋದಾಗ ಸಿಕ್ಕಿದ ಕಥೆ ಪದಕ್ಕಿಂತಲೂ ಸ್ವಾರಸ್ಯವಾದದ್ದು.

ಸಿಹಿನೀರಿನ ತೊಟ್ಟಿಯನ್ನು ಯಾರು ಬೇಕಾದರೂ ಇಡಬಹುದು. ವೈದ್ಯರ ಷಾಪಿನಲ್ಲಿ, ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಚಿನ್ನದ ಮೀನು ಬಾಲ ಬೀಸುತ್ತ ಸುತ್ತುವುದನ್ನು ನಾವೆಲ್ಲ ನೋಡಿದ್ದೇವೆ. ಉಪ್ಪುನೀರಿನ ತೊಟ್ಟಿಯ ಮಾತು ಬಂದರೆ ಮಾತ್ರ, ಅದು ಹಣವುಳ್ಳವರ ಆಟ ಎಂದು ನಮ್ಮಲ್ಲಿ ಕೈಬಿಡುವುದುಂಟು. ಹೊಸದಾಗಿ ಇಡಹೊರಟವರು ಕೇಳುವ ಮೊದಲ ಪ್ರಶ್ನೆಯೂ ‘ಕಡಿಮೆ ಖರ್ಚಿನಲ್ಲಿ ಹೇಗೆ?’ ಎಂಬುದೇ. ಇದು ಇಂದಿನ ಪ್ರಶ್ನೆಯಲ್ಲ. ಕಡಲನ್ನು ಮನೆಯೊಳಗೆ ತಂದ ಮೊದಲಿಗರೆಲ್ಲ ಕೇಳಿದ ಪ್ರಶ್ನೆಯೂ ಇದೇ. ಅವರು ಖರ್ಚು ಉಳಿಸಿದರು, ನಿಜ. ಆದರೆ ಉಳಿಸಿದ ಖರ್ಚನ್ನು ಪ್ರತಿ ಸಲವೂ ಬೇರೆ ಯಾರೋ ತೆತ್ತರು. ಯಾರು ತೆತ್ತರು ಎಂಬುದನ್ನು ಪುಸ್ತಕಗಳು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತವೆ. ನನ್ನ ಕುತೂಹಲವಿರುವುದು ಆ ಒಂದೆರಡು ವಾಕ್ಯಗಳಲ್ಲೇ.

ಕಥೆ ತೊಡಗುವುದು ಒಬ್ಬ ಚಮ್ಮಾರನ ಮಗಳಿಂದ. ಝಾನ್ ವಿಲ್‌ಪ್ರೋ ಹುಟ್ಟಿದ್ದು ೧೭೯೪ರಲ್ಲಿ, ಫ್ರಾನ್ಸಿನ ಜುಯಾಕ್ ಎಂಬ ಊರಿನಲ್ಲಿ. ತಂದೆ ಪಾದರಕ್ಷೆ ಹೊಲಿಯುವವನು. ಹದಿನೆಂಟರ ಹೊತ್ತಿಗೆ ಪ್ಯಾರಿಸಿಗೆ ಹೋದ ಈಕೆ ಬಟ್ಟೆ ಹೊಲಿಯುವ ಕೆಲಸಕ್ಕೆ ಸೇರಿದಳು. ೧೮೧೬ರಲ್ಲಿ ನಡೆದ ರಾಜಮನೆತನದ ಮದುವೆಯೊಂದಕ್ಕೆ ವಧುವಿನ ಉಡುಪನ್ನು ಸಿದ್ಧಮಾಡಿ ಹೆಸರು ಪಡೆದಳು. ೧೮೧೮ರಲ್ಲಿ ಜೇಮ್ಸ್ ಪವರ್ ಎಂಬ ಆಂಗ್ಲ ವ್ಯಾಪಾರಿಯ ಕೈಹಿಡಿದು ಸಿಸಿಲಿ ದ್ವೀಪದ ಮೆಸ್ಸೀನಾ ಪಟ್ಟಣಕ್ಕೆ ಬಂದು ನೆಲಸಿದಳು. ಶಾಸ್ತ್ರವನ್ನು ಆಕೆಗೆ ಯಾರೂ ಕ್ರಮವಾಗಿ ಕಲಿಸಲಿಲ್ಲ. ಓದಿಕೊಂಡಳು, ದ್ವೀಪವನ್ನು ಸುತ್ತಿ ನೋಡಿದಳು, ಕಂಡದ್ದನ್ನು ಬರೆದಿಟ್ಟಳು.

ಆಗ ವಿದ್ವಾಂಸರ ನಡುವೆ ಒಂದು ಜಗಳವಿತ್ತು. ಆಕ್ಟೋಪಸಿನ ಕುಲದ ಆರ್ಗೊನಾಟ್ ಎಂಬ ಪ್ರಾಣಿ ಕಾಗದದಂತೆ ತೆಳುವಾದ ಚಿಪ್ಪಿನೊಳಗೆ ಕುಳಿತು ತೇಲುತ್ತದೆ. ಆ ಚಿಪ್ಪು ಅದರದೇ ಸ್ವಂತವೋ, ಸನ್ಯಾಸಿ ಏಡಿಯ ಹಾಗೆ ಇನ್ನಾರದೋ ಮನೆಯಲ್ಲಿ ಬಿಡಾರ ಹೂಡಿದೆಯೋ? ಸತ್ತು ಮದ್ಯಸಾರದ ಸೀಸೆಯಲ್ಲಿ ತೇಲುವ ಪ್ರಾಣಿಯನ್ನು ಎಷ್ಟು ಕಾಲ ನೋಡಿದರೂ ಇದಕ್ಕೆ ಉತ್ತರ ಸಿಕ್ಕದು. ೧೮೩೨ರಿಂದ ಈಚೆಗೆ ಝಾನ್ ಜೀವಂತ ಪ್ರಾಣಿಗಳನ್ನೇ ಗಾಜಿನ ತೊಟ್ಟಿಯಲ್ಲಿಯೂ ಕಡಲಿನಲ್ಲಿ ಇಳಿಬಿಟ್ಟ ಪಂಜರಗಳಲ್ಲಿಯೂ ಇಟ್ಟು ಸಾಕಿದಳು. ಮರಿಗಳು ಚಿಪ್ಪು ಕಟ್ಟಿಕೊಳ್ಳುವುದನ್ನು ನೋಡಿದಳು. ಬೆಳೆದವುಗಳ ಚಿಪ್ಪನ್ನು ಒಂದಿಷ್ಟು ಮುರಿದಳು. ಪ್ರಾಣಿ ಮುರಿದ ಜಾಗಕ್ಕೆ ತಾನೇ ತೇಪೆ ಹಾಕಿಕೊಂಡಿತು. ಜಗಳ ಅಲ್ಲಿಗೆ ಮುಗಿಯಿತು. ಹರಿದದ್ದನ್ನು ಹೊಲಿದು ಬದುಕಿದ ಹೆಂಗಸಿಗೆ ತೇಪೆಯಲ್ಲಿಯೇ ಉತ್ತರ ಸಿಕ್ಕಿತಲ್ಲ ಎಂದು ನನಗೆ ಸಂತೋಷ. ಮುಂದೆ ಆಕೆಯ ಸಂಗ್ರಹವನ್ನೂ ಬರಹಗಳನ್ನೂ ಹೊತ್ತ ಹಡಗು ಸಮುದ್ರದ ಪಾಲಾಯಿತು. ಆಕೆಯ ಹೆಸರು ಬಹುಕಾಲ ಮರೆಯಾದದ್ದಕ್ಕೆ ಅದೂ ಒಂದು ಕಾರಣವಿರಬೇಕು.

ಮೆಸ್ಸೀನಾದಲ್ಲಿ ನೀರಿನ ಚಿಂತೆಯಿರಲಿಲ್ಲ. ಕಡಲು ಮನೆಯ ಬಳಿಯೇ ಇತ್ತು. ಹಳಸಿದ ನೀರನ್ನು ಚೆಲ್ಲಿ ಹೊಸದನ್ನು ತುಂಬಿದರೆ ಮುಗಿಯಿತು. ಕಷ್ಟ ಕಾಣಿಸಿಕೊಂಡದ್ದು ಕಡಲಿನಿಂದ ದೂರವಿದ್ದ ಲಂಡನ್ನಿನಲ್ಲಿ.

ಆನ್ನಾ ಥಿನ್ ಅನುಕೂಲಸ್ಥರ ಮನೆಯ ಗೃಹಿಣಿ. ಪತಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ದೊಡ್ಡ ಪಾದ್ರಿ. ೧೮೪೬ರಲ್ಲಿ ಟಾರ್‌ಕೀ ಕಡಲತೀರಕ್ಕೆ ಹೋಗಿದ್ದಾಗ ಬಂಡೆಗಳ ಮೇಲೆ ಬೆಳೆಯುವ ಒಂಟಿ ಹವಳಗಳನ್ನು ಕಂಡು ಮಾರುಹೋದಳು. ಅವು ದಾರಿಯಲ್ಲಿ ಉರುಳಾಡಿ ಜಜ್ಜಿಹೋಗದಂತೆ ಸೂಜಿದಾರದಿಂದ ಸ್ಪಂಜಿಗೆ ಹೊಲಿದು, ಕಲ್ಲಿನ ಜಾಡಿಯಲ್ಲಿಟ್ಟು ಲಂಡನ್ನಿಗೆ ತಂದಳು. ಮೊದಮೊದಲು ತೀರದಿಂದ ಕಡಲ ನೀರನ್ನು ತರಿಸಿ ಬದಲಾಯಿಸುತ್ತಿದ್ದಳು. ಆ ಏರ್ಪಾಡು ಎಷ್ಟು ದಿನ ನಡೆದೀತು? ನೀರು ಕೆಡುವುದು ಅದರಲ್ಲಿ ಬೆರೆತ ಗಾಳಿ ತೀರಿಹೋಗುವುದರಿಂದ ಎಂದು ಊಹಿಸಿದ ಆನ್ನಾ, ಅದೇ ನೀರಿಗೆ ಮತ್ತೆ ಗಾಳಿಯೂಡಿಸುವ ಉಪಾಯ ಹುಡುಕಿದಳು. ತೆರೆದ ಕಿಟಕಿಯ ಮುಂದೆ ನಿಂತು ಆ ಪಾತ್ರೆಯಿಂದ ಈ ಪಾತ್ರೆಗೆ, ಈ ಪಾತ್ರೆಯಿಂದ ಆ ಪಾತ್ರೆಗೆ ಅರ್ಧ ಗಂಟೆ ಮುಕ್ಕಾಲು ಗಂಟೆ ನೀರನ್ನು ಸುರಿಯುವುದು. ಬಿಸಿ ಕಾಫಿಯನ್ನು ನಾವು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ಯುತ್ತೇವಲ್ಲ, ಅದೇ ಕ್ರಮ. ಆದರೆ ಇಲ್ಲಿ ಹೊಯ್ಯಬೇಕಾದದ್ದು ಒಂದು ಲೋಟವಲ್ಲ, ತೊಟ್ಟಿಯ ನೀರು.

ಸುರಿದವರು ಯಾರು? ಮನೆಯಲ್ಲಿದ್ದ ಚಿಕ್ಕ ಕೆಲಸದ ಹುಡುಗಿ. ಆನ್ನಾ ಈ ಸಂಗತಿಯನ್ನು ಮುಚ್ಚಿಟ್ಟಿಲ್ಲ. ೧೮೫೯ರಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ, ಕೆಲಸ ದಣಿವಿನದೇ ಹೌದು, ಆದರೂ ಹುಡುಗಿ ಅದನ್ನೊಂದು ಆಟವೆಂಬಂತೆ ಮಾಡಿದಳು ಎಂಬ ಅರ್ಥದ ಮಾತು ಬರೆದಿದ್ದಾಳೆ. ಆಟವಾಗಿದ್ದಿರಬಹುದು, ಮೊದಲ ಎರಡು ದಿನ. ಈ ಹುಡುಗಿಯ ಹೆಸರನ್ನು ಆ ವರದಿ ಹೇಳುವುದಿಲ್ಲ. ಇಂದು ತೊಟ್ಟಿಯ ಮೂಲೆಯಲ್ಲಿ ಗುಳುಗುಳು ಸದ್ದು ಮಾಡುವ ಗಾಳಿಯಂತ್ರದ ವಂಶಾವಳಿಯನ್ನು ಯಾರಾದರೂ ಬರೆದರೆ ಅದರ ಮೊದಲ ಹೆಸರು ಈಕೆಯದಾಗಬೇಕು ಎಂಬುದು ನನ್ನ ಅಭಿಪ್ರಾಯ. ೧೮೪೭ರಲ್ಲಿ ಆನ್ನಾ ಹಸಿರು ಕಡಲಪಾಚಿ ಹತ್ತಿದ ಕಲ್ಲುಗಳನ್ನು ತರಿಸಿ ನೀರಿಗೆ ಸೇರಿಸಿದಳು. ಪಾಚಿ ಬೆಳಕಿನಲ್ಲಿ ಆಮ್ಲಜನಕವನ್ನು ಬಿಡುತ್ತದೆ. ಹುಡುಗಿಯ ತೋಳಿಗೆ ಆ ಮೇಲೆ ತುಸು ಬಿಡುವು ಸಿಕ್ಕಿರಬೇಕು.

ಬೆಳಕಿನಲ್ಲಿ ಸಸ್ಯಗಳು ಗಾಳಿಯನ್ನು ಶುದ್ಧಮಾಡುತ್ತವೆಂಬುದನ್ನು ಇಂಗನ್‌ಹೌಸ್ ೧೭೭೯ರಲ್ಲಿಯೇ ತೋರಿಸಿಕೊಟ್ಟಿದ್ದ. ಅದನ್ನು ತೊಟ್ಟಿಗೆ ಲೆಕ್ಕಾಚಾರದಿಂದ ಅಳವಡಿಸಿದವನು ರಾಬರ್ಟ್ ವಾರಿಂಗ್‌ಟನ್ ಎಂಬ ಲಂಡನ್ನಿನ ರಸಾಯನಶಾಸ್ತ್ರಜ್ಞ. ೧೮೪೯ರಲ್ಲಿ ಈತ ಸಿಹಿನೀರಿನ ಪಾತ್ರೆಯೊಂದರಲ್ಲಿ ಎರಡು ಚಿನ್ನದ ಮೀನುಗಳನ್ನೂ ಒಂದು ನೀರುಗಿಡವನ್ನೂ ಇಟ್ಟ. ಗಿಡದ ಎಲೆ ಕೊಳೆತು ನೀರು ಕದಡಿತು. ಕೊಳೆತದ್ದನ್ನು ತಿನ್ನಲು ನೀರಿನ ಬಸವನಹುಳುಗಳನ್ನು ಬಿಟ್ಟ, ನೀರು ತಿಳಿಯಾಯಿತು. ಅವುಗಳ ಮೊಟ್ಟೆಮರಿಗಳು ಮೀನಿಗೆ ಆಹಾರವೂ ಆದವು. ಮೀನು, ಗಿಡ, ಹುಳು ಮೂರು ಸೇರಿದರೆ ನೀರು ಬದಲಾಯಿಸದೆಯೇ ಸಂಸಾರ ನಡೆಯುತ್ತದೆಂದು ೧೮೫೦ರಲ್ಲಿ ಪ್ರಕಟಿಸಿ, ಬಳಿಕ ಇದೇ ಪ್ರಯೋಗವನ್ನು ಕಡಲ ನೀರಿನಲ್ಲಿಯೂ ಮಾಡಿದ. ಇಷ್ಟು ಸುಲಭವಲ್ಲವೆಂದು ಮುಂದೆ ತಿಳಿಯಿತು. ಆದರೂ ಕೊಳೆ ತಿನ್ನುವವನಿಗೂ ತೊಟ್ಟಿಯಲ್ಲಿ ಒಂದು ಸ್ಥಾನವಿರಬೇಕೆಂದು ಕಂಡುಕೊಂಡದ್ದು ಸಣ್ಣ ಸಂಗತಿಯಲ್ಲ.

ಈ ಹೊತ್ತಿಗೆ ಗಾಸ್ ರಂಗಕ್ಕೆ ಬರುತ್ತಾನೆ. ೧೮೫೩ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮೃಗಾಲಯದಲ್ಲಿ ಜಗತ್ತಿನ ಮೊದಲ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಅಲ್ಲಿನ ಕಡಲಜೀವಿಗಳಲ್ಲಿ ಬಹಳಷ್ಟನ್ನು ಒದಗಿಸಿಕೊಟ್ಟವನು ಆತನೇ. ಆದರೆ ಸಾಮಾನ್ಯ ಗೃಹಸ್ಥನಿಗೆ ಆತ ಮಾಡಿದ ಉಪಕಾರ ಬೇರೆ. ತೀರದಿಂದ ಪೀಪಾಯಿಗಳಲ್ಲಿ ನೀರು ತರಿಸುವ ಗೊಡವೆಯೇ ಬೇಡ, ಕಡಲನ್ನು ಮನೆಯಲ್ಲೇ ತಯಾರಿಸಿಕೊಳ್ಳಿ ಎಂದು ಆತ ೧೮೫೪ರಲ್ಲಿ ಒಂದು ಪಾಕವನ್ನು ಪ್ರಕಟಿಸಿದ. ಸುಮಾರು ನಾಲ್ಕೂವರೆ ಲೀಟರಿಗೆ ತುಸು ಕಡಿಮೆ ನೀರು. ಅದಕ್ಕೆ ಊಟದ ಉಪ್ಪು ನೂರು ಗ್ರಾಂ. ನಮ್ಮ ಹಿರಿಯರು ಭೇದಿಗೆ ತೆಗೆದುಕೊಳ್ಳುತ್ತಿದ್ದ ಎಪ್ಸಮ್ ಉಪ್ಪು ಏಳು ಗ್ರಾಂ. ಮೆಗ್ನೀಸಿಯಂ ಕ್ಲೋರೈಡ್ ಹದಿಮೂರು ಗ್ರಾಂ, ಪೊಟಾಸಿಯಂ ಕ್ಲೋರೈಡ್ ಎರಡೂವರೆ ಗ್ರಾಂ. ಇವು ಆತನ ಔನ್ಸು ಗ್ರೇನುಗಳನ್ನು ನಮ್ಮ ಅಳತೆಗೆ ತಂದು ನಾನು ಹೇಳುತ್ತಿರುವ ಲೆಕ್ಕ. ಬ್ರೈಟನ್ ಬಳಿಯ ಕಡಲನೀರನ್ನು ಒಬ್ಬ ರಸಾಯನಜ್ಞ ವಿಶ್ಲೇಷಿಸಿ ಕೊಟ್ಟಿದ್ದ ಪಟ್ಟಿಯನ್ನು ಮುಂದಿಟ್ಟುಕೊಂಡು, ಅತ್ಯಲ್ಪವಾಗಿರುವ ವಸ್ತುಗಳನ್ನು ಬಿಟ್ಟು ಆತ ಇದನ್ನು ಸಿದ್ಧಮಾಡಿದ.

ಮನೆಯ ಉಪ್ಪನ್ನಷ್ಟೇ ನೀರಿಗೆ ಹಾಕಿದರೆ ಕಡಲಾಗದೆ ಎಂದು ಇಂದಿಗೂ ಕೇಳುವವರಿದ್ದಾರೆ. ಆಗುವುದಿಲ್ಲ. ಒಂದು ಲೀಟರು ಕಡಲನೀರಿನಲ್ಲಿ ಸುಮಾರು ಮೂವತ್ತೈದು ಗ್ರಾಂ ಲವಣವಿರುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಊಟದ ಉಪ್ಪೇ. ಉಳಿದ ಕಾಲುಪಾಲಿನಲ್ಲಿರುವ ಮೆಗ್ನೀಸಿಯಂ, ಸುಣ್ಣದಂಶ, ಪೊಟಾಸಿಯಂಗಳಿಲ್ಲದೆ ಕಡಲ ಪ್ರಾಣಿ ಬದುಕದು. ಸಾರಿಗೆ ಉಪ್ಪೊಂದೇ ಸಾಕೇ? ಇನ್ನೂ ಒಂದು ಸೂಕ್ಷ್ಮವಿದೆ. ಬೇಸಗೆಯಲ್ಲಿ ತೊಟ್ಟಿಯ ನೀರು ಆವಿಯಾಗಿ ಇಳಿದರೆ, ಇಳಿದಷ್ಟನ್ನು ಸಿಹಿನೀರಿನಿಂದ ತುಂಬಬೇಕು; ಏಕೆಂದರೆ ಆವಿಯಾದದ್ದು ನೀರು, ಉಪ್ಪು ಅಲ್ಲಿಯೇ ಉಳಿದಿರುತ್ತದೆ. ನಾವು ಶ್ರೇಷ್ಠವೆಂದು ಬೆಳಗಿಟ್ಟುಕೊಳ್ಳುವ ತಾಮ್ರದ ಕೊಡವಂತೂ ಈ ಕೆಲಸಕ್ಕೆ ಸಲ್ಲದು. ತಾಮ್ರದ ಸ್ವಲ್ಪ ಅಂಶವೂ ಮೂಳೆಯಿಲ್ಲದ ಕಡಲಜೀವಿಗಳಿಗೆ ವಿಷ. ಮದರಾಸಿನ ಮರೀನಾದಲ್ಲಿ ೧೯೦೯ರಲ್ಲಿ ತೆರೆದ ಮತ್ಸ್ಯಾಲಯಕ್ಕೆ ಕಡಲು ಬಾಗಿಲಲ್ಲೇ ಇತ್ತು. ಬೆಂಗಳೂರಿನವನಿಗೋ ಮೈಸೂರಿನವನಿಗೋ ಆ ಭಾಗ್ಯವಿಲ್ಲ. ಅಂಥವರಿಗೆ ಇಂದು ಅಂಗಡಿಯಲ್ಲಿ ಸಿಗುವ ಸಿದ್ಧ ಲವಣದ ಪುಡಿ ಗಾಸ್‌ನ ಪಾಕದ ಮೊಮ್ಮಗನೇ ಸರಿ.

ಪಾಕ ಕೂಡಿಸಿದೊಡನೆ ಗಾಸ್ ಪ್ರಾಣಿಗಳನ್ನು ಬಿಡಲಿಲ್ಲ. ಮೊದಲು ಪಾಚಿ ಹತ್ತಿದ ಕಲ್ಲುಗಳನ್ನು ನೀರಿನಲ್ಲಿಟ್ಟು ವಾರದ ಮಟ್ಟಿಗೆ ಕಾದ. ಕಾದರೆ ಒಳ್ಳೆಯದೆಂದು ಅನುಭವ ಹೇಳಿತ್ತು. ಏಕೆ ಒಳ್ಳೆಯದೆಂಬುದು ಆಗ ಯಾರಿಗೂ ತಿಳಿಯದು. ಈ ಕಾಯುವಿಕೆಯ ಮಾತಿಗೆ ಮುಂದೆ ಬರುತ್ತೇನೆ.

ಪುಸ್ತಕ ಬಂದದ್ದೇ ತಡ, ಇಂಗ್ಲೆಂಡಿನ ಮಧ್ಯಮ ವರ್ಗಕ್ಕೆ ಕಡಲ ಹುಚ್ಚು ಹಿಡಿಯಿತು. ಗಾಜಿನ ಮೇಲಿನ ತೆರಿಗೆ ೧೮೪೫ರಲ್ಲಿಯೇ ರದ್ದಾಗಿ ಗಾಜು ಅಗ್ಗವಾಗಿತ್ತು. ರೈಲು ತೀರದ ಊರುಗಳನ್ನು ಮುಟ್ಟಿತ್ತು. ಕಾದಂಬರಿಗಾರ್ತಿ ಜಾರ್ಜ್ ಎಲಿಯಟ್ ಕೂಡ ೧೮೫೬ರಲ್ಲಿ ತನ್ನ ಸಂಗಾತಿ ಲೂಯಿಸ್‌ನೊಡನೆ ಇಲ್‌ಫ್ರಕೂಂಬ್ ತೀರದಲ್ಲಿ ಬಂಡೆಯಿಂದ ಬಂಡೆಗೆ ಅಲೆದು ಕಡಲಜೀವಿಗಳನ್ನು ಕೂಡಿಹಾಕಿದಳು. ಲೂಯಿಸ್ ಆ ಅನುಭವದಿಂದ ಒಂದು ಪುಸ್ತಕವನ್ನೇ ಬರೆದ. ತೀರಕ್ಕೆ ಹೋಗಲಾರದವರಿಗಾಗಿ ವಿಲಿಯಂ ಆಲ್ಫರ್ಡ್ ಲಾಯ್ಡ್ ಎಂಬಾತ ಲಂಡನ್ನಿನಲ್ಲಿ ಅಂಗಡಿ ತೆರೆದು ತೊಟ್ಟಿ, ಲವಣ, ಕಡಲನೀರು, ಜೀವಂತ ಕಡಲಹೂಗಳು ಎಲ್ಲವನ್ನೂ ಮಾರಿದ. ಈ ಅಂಗಡಿಯ ೧೮೫೮ರ ಸರಕುಪಟ್ಟಿ ಒಂದು ಪುಸ್ತಕದಷ್ಟು ದಪ್ಪವಾಗಿತ್ತು.

ಖರ್ಚು ಕಡಿಮೆಯಾಯಿತು. ಯಾವುದರಲ್ಲಿ? ಗಾಜಿನಲ್ಲಿ, ನೀರಿನಲ್ಲಿ, ಸಾಗಣೆಯಲ್ಲಿ. ಪ್ರಾಣಿಗಳಿಗಂತೂ ಬೆಲೆಯೇ ಇರಲಿಲ್ಲ. ತೀರದ ಬಂಡೆಯಿಂದ ಉಳಿಯಲ್ಲಿ ಕೆತ್ತಿ ತೆಗೆದರಾಯಿತು. ಗಾಸ್‌ನ ಪುಸ್ತಕಗಳನ್ನು ಕೈಯಲ್ಲಿ ಹಿಡಿದು ಜನ ಬುಟ್ಟಿ ಜಾಡಿಗಳೊಂದಿಗೆ ಇಳಿದರು. ಇಳಿತದ ಹೊತ್ತಿನಲ್ಲಿ ಬಂಡೆಗಳ ಕುಳಿಗಳಲ್ಲಿ ನಿಲ್ಲುವ ತಿಳಿನೀರು, ಅದರೊಳಗೆ ಅರಳುವ ಕಡಲಹೂಗಳು, ಕಣ್ಣುಮುಚ್ಚಾಲೆಯಾಡುವ ಸಣ್ಣ ಏಡಿಗಳು, ಎಲ್ಲವೂ ಕೆಲವೇ ವರ್ಷಗಳಲ್ಲಿ ಬರಿದಾದವು. ಗಾಸ್‌ನ ಮಗ ಎಡ್ಮಂಡ್ ಬಾಲ್ಯದಲ್ಲಿ ತಂದೆಯ ಜೊತೆ ಆ ಬಂಡೆಗಳ ಮೇಲೆ ಓಡಾಡಿದವನು. ಮುಂದೆ ಹೆಸರಾಂತ ವಿಮರ್ಶಕನಾಗಿ ೧೯೦೭ರಲ್ಲಿ ‘ತಂದೆ ಮತ್ತು ಮಗ’ ಎಂಬ ಆತ್ಮಕಥೆಯನ್ನು ಬರೆದಾಗ, ತಾನು ಕಂಡಿದ್ದ ಆ ಕುಳಿಗಳ ಚೆಲುವು ಇನ್ನು ಯಾರಿಗೂ ಕಾಣಸಿಗದೆಂದು ಹಲುಬಿದ್ದಾನೆ. ಅದರ ನಾಶಕ್ಕೆ ತನ್ನ ತಂದೆಯ ಪುಸ್ತಕಗಳೇ ದಾರಿಮಾಡಿಕೊಟ್ಟವೆಂಬುದನ್ನೂ, ಆ ಅರಿವು ತಂದೆಯನ್ನು ನೋಯಿಸಿತೆಂಬುದನ್ನೂ ಅಡಗಿಸದೆ ಹೇಳಿದ್ದಾನೆ. ಗಾಸ್ ಧರ್ಮಭೀರು; ದೇವರ ಸೃಷ್ಟಿಯ ಸೊಬಗನ್ನು ಜನ ನೋಡಲೆಂದೇ ಬರೆದವನು. ನೋಡಿದವರು ನೋಡಿ ಸುಮ್ಮನಿರಲಿಲ್ಲ. ಈ ಚರಿತ್ರೆಯಲ್ಲೆಲ್ಲ ನನ್ನನ್ನು ಹೆಚ್ಚು ಕಾಡುವವನು ಈ ತಂದೆಯೇ.

ಹೀಗೆ ಕಿತ್ತು ತಂದದ್ದಾದರೂ ಉಳಿಯಿತೇ? ಬಹುಪಾಲು ಉಳಿಯಲಿಲ್ಲ. ಬಿಸಿಲು ಬೀಳುವ ಕಿಟಕಿಯಲ್ಲಿ ತೊಟ್ಟಿಯನ್ನಿಟ್ಟರೆ ನೀರು ಕಾಯುತ್ತಿತ್ತು, ಪಾಚಿ ಬೆಳೆದು ಹಸಿರು ಗಂಜಿಯಾಗುತ್ತಿತ್ತು. ನೆರಳಿನಲ್ಲಿಟ್ಟರೆ ಪಾಚಿ ಸತ್ತು ಕೊಳೆಯುತ್ತಿತ್ತು. ಪ್ರೀತಿಯಿಂದ ಹೆಚ್ಚು ತಿನ್ನಿಸಿದರೆ ಉಳಿದ ತಿನಿಸು ವಿಷವಾಗುತ್ತಿತ್ತು. ಮೂಲೆಯಲ್ಲಿ ಒಂದು ಕಡಲಹೂ ಸತ್ತದ್ದು ಕಣ್ತಪ್ಪಿದರೆ ಮರುದಿನ ಬೆಳಿಗ್ಗೆ ಇಡೀ ಮನೆಗೆ ನಾತ. ೧೮೬೦ರ ದಶಕ ಮುಗಿಯುವುದರೊಳಗೆ ಹುಚ್ಚು ಇಳಿದು, ಎಷ್ಟೋ ತೊಟ್ಟಿಗಳು ಅಟ್ಟ ಸೇರಿದವು. ವಾರಿಂಗ್‌ಟನ್ ಹೇಳಿದ ಮೀನು, ಗಿಡ, ಹುಳುಗಳ ಸಂಸಾರದಲ್ಲಿ ಕಣ್ಣಿಗೆ ಕಾಣದ ನಾಲ್ಕನೆಯವನೊಬ್ಬನಿದ್ದ. ಅವನ ಪರಿಚಯ ಯಾರಿಗೂ ಇರಲಿಲ್ಲ.

ಮೀನು ಕಿವಿರಿನಿಂದ ಅಮೋನಿಯಾವನ್ನು ಹೊರಗೆ ಬಿಡುತ್ತದೆ. ಕೊಳೆಯುವ ವಸ್ತುವಿನಿಂದಲೂ ಅದೇ ಹೊರಡುತ್ತದೆ. ಮೀನಿಗೆ ಅದು ವಿಷ. ಉಸಿರಿಗೆ ಬೇಕಾದ ಗಾಳಿಯನ್ನು ಪಾಚಿ ಕೊಟ್ಟೀತು, ಆದರೆ ಈ ವಿಷವೆಲ್ಲವನ್ನೂ ಕಳೆಯುವ ಶಕ್ತಿ ಅದಕ್ಕಿಲ್ಲ. ೧೮೭೭ರಲ್ಲಿ ಶ್ಲೋಸಿಂಗ್ ಮತ್ತು ಮುಂಟ್ಸ್ ಎಂಬ ಇಬ್ಬರು ಫ್ರೆಂಚ್ ವಿಜ್ಞಾನಿಗಳು ಚರಂಡಿಯ ನೀರನ್ನು ಮರಳು ಸುಣ್ಣಕಲ್ಲು ತುಂಬಿದ ಕೊಳವೆಯ ಮೂಲಕ ನಿಧಾನವಾಗಿ ಇಳಿಸಿದರು. ಮೊದಲ ಕೆಲವು ದಿನ ಅಮೋನಿಯಾ ಹಾಗೆಯೇ ಹೊರಬಂತು. ಆ ಮೇಲೆ ಅದು ಇಲ್ಲವಾಗಿ ನೈಟ್ರೇಟ್ ಬರತೊಡಗಿತು. ಕೊಳವೆಗೆ ಕ್ಲೋರೊಫಾರಂ ಆವಿಯನ್ನು ಬಿಟ್ಟರು, ಕೆಲಸ ನಿಂತಿತು. ಮತ್ತೆ ಸ್ವಲ್ಪ ಮಣ್ಣಿನ ಸಾರವನ್ನು ಸೇರಿಸಿದಾಗ ಮರಳಿ ಸಾಗಿತು. ಕ್ಲೋರೊಫಾರಂಗೆ ಮೂರ್ಛೆಹೋಗುವಂಥದು ಜೀವವಿರುವ ವಸ್ತುವೇ ಇರಬೇಕಲ್ಲವೆ? ಹೀಗೆ ಅಣುಜೀವಿಗಳು ಸಿಕ್ಕಿಬಿದ್ದವು. ೧೮೯೦ರ ಸುಮಾರಿಗೆ ವಿನೊಗ್ರಾಡ್‌ಸ್ಕಿ ಅವುಗಳನ್ನು ಪ್ರತ್ಯೇಕಿಸಿದ. ಒಂದು ಜಾತಿ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟಿಗೆ ತಿರುಗಿಸುತ್ತದೆ. ಇವು ನೆಲೆಯೂರುವುದು ಮರಳು, ಕಲ್ಲು, ಗಾಜುಗಳ ಮೈಮೇಲೆ. ನೆಲೆಯೂರಲು ವಾರಗಳು ಬೇಕು. ಗಾಸ್ ಕಾದದ್ದು ಇವರಿಗಾಗಿಯೇ, ಆತನಿಗೆ ಅದು ತಿಳಿಯದಿದ್ದರೂ.

ಲಾಯ್ಡ್‌ನದೂ ಅದೇ ಕಥೆ. ಅಂಗಡಿ ಕೈಗೂಡದೆ, ಹ್ಯಾಂಬುರ್ಗಿನಲ್ಲಿ ಮತ್ಸ್ಯಾಲಯದ ಕೆಲಸ ಮಾಡಿ, ಕೊನೆಗೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ೧೮೭೧ರಲ್ಲಿ ಮತ್ಸ್ಯಾಲಯ ಕಟ್ಟಿದ. ಅಲ್ಲಿ ಆತ ತೊಟ್ಟಿಗಳಿಗಿಂತ ಹಲವು ಪಟ್ಟು ದೊಡ್ಡದಾದ ಕತ್ತಲ ಕೊಳವನ್ನು ನೆಲದಡಿ ತೋಡಿಸಿ, ಹಗಲಿರುಳೂ ನೀರು ಮೇಲೇರಿ ಕೆಳಗಿಳಿಯುವಂತೆ ಮಾಡಿದ. ಕತ್ತಲೆಯಲ್ಲಿ ಪಾಚಿ ಬೆಳೆಯದು, ನೀರು ತಂಪಾಗಿರುತ್ತದೆ ಎಂಬುದು ಆತನ ಲೆಕ್ಕ. ಕೊಳದ ಗೋಡೆಗಳ ಮೇಲೆ ಅಣುಜೀವಿಗಳು ಸಂಬಳವಿಲ್ಲದೆ ದುಡಿಯುತ್ತಿದ್ದವೆಂಬುದು ಆ ಲೆಕ್ಕದಲ್ಲಿ ಇರಲಿಲ್ಲ.

ಇದೆಲ್ಲ ದೊಡ್ಡ ಸಂಸ್ಥೆಗಳ ಮಾತಾಯಿತು. ಮನೆಯ ತೊಟ್ಟಿಗೆ ಅಗ್ಗದ ದಾರಿ ತೆರೆದದ್ದು ಒಂದು ಶತಮಾನದ ಬಳಿಕ, ಜಕಾರ್ತಾದಲ್ಲಿ. ಲೀ ಚಿನ್ ಎಂಗ್ ಎಂಬಾತ ೧೯೬೧ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ತನ್ನ ಕ್ರಮವನ್ನು ವಿವರಿಸಿದ. ದುಬಾರಿ ಶೋಧಕ ಯಂತ್ರವಿಲ್ಲ. ಹವಳದಿಬ್ಬದಿಂದ ತಂದ, ಮೈತುಂಬ ಜೀವಿಗಳಿರುವ ಕಲ್ಲುಗಳು, ಕಡಲನೀರು, ಮೆಲ್ಲನೆ ಗುಳ್ಳೆಯೇಳಿಸುವ ಗಾಳಿಯ ಕೊಳವೆ, ಒಳ್ಳೆಯ ಬೆಳಕು. ಇಷ್ಟೇ. ಕಲ್ಲಿನ ರಂಧ್ರರಂಧ್ರಗಳಲ್ಲಿ ಅಣುಜೀವಿಗಳು ಮೊದಲೇ ಮನೆಮಾಡಿಕೊಂಡಿರುವುದರಿಂದ ತೊಟ್ಟಿ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಇಂದು ‘ಜೀವಂತ ಕಲ್ಲು’ ಎಂದು ಜಗತ್ತಿನ ಹವ್ಯಾಸಿಗಳೆಲ್ಲ ಕರೆಯುವುದು ಇದನ್ನೇ. ಕೆಲಸದ ಹುಡುಗಿಯ ತೋಳು ಮಾಡಿದ್ದನ್ನು ಗಾಳಿಯ ಕೊಳವೆ ಮಾಡಿತು, ಲಾಯ್ಡ್‌ನ ಕತ್ತಲ ಕೊಳ ಮಾಡಿದ್ದನ್ನು ಒಂದು ಮೊರದಷ್ಟು ಕಲ್ಲು ಮಾಡಿತು.

ಆದರೆ ಕಲ್ಲು ಎಲ್ಲಿಂದ ಬರಬೇಕು? ಹವಳದಿಬ್ಬದಿಂದ. ಡೆವನ್ ತೀರದ ಕಥೆ ಬೆಚ್ಚನೆಯ ಕಡಲುಗಳಿಗೆ ಸ್ಥಳಾಂತರವಾಯಿತು. ದಿಬ್ಬಗಳಿಂದ ಕಲ್ಲೂ ಹವಳವೂ ಮೀನೂ ಪೆಟ್ಟಿಗೆಗಟ್ಟಲೆ ಹಡಗು ವಿಮಾನಗಳನ್ನೇರಿದವು. ನಮ್ಮಲ್ಲಿ ೨೦೦೧ರಲ್ಲಿ ಕಲ್ಲುಹವಳಗಳನ್ನು ವನ್ಯಜೀವಿ ಸಂರಕ್ಷಣೆ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿಸಲಾಯಿತು. ಕಾನೂನಿನ ಕಣ್ಣಿಗೆ ಈಗ ಹವಳವೂ ಹುಲಿಯೂ ಒಂದೇ ಪಂಕ್ತಿ. ಮುರುಡೇಶ್ವರದಾಚೆಯ ನೇತ್ರಾಣಿಯ ಹವಳಗಳನ್ನು ನೋಡಿ ಬರಬಹುದು, ಒಂದು ಚೂರನ್ನೂ ಮುರಿದು ತರುವಂತಿಲ್ಲ.

ಆದುದರಿಂದ ಈಗ ಕಡಿಮೆ ಖರ್ಚಿನಲ್ಲಿ, ತಪ್ಪಿಲ್ಲದೆ ತೊಟ್ಟಿ ಇಡಬಯಸುವವರು ಜೀವವಿಲ್ಲದ ಒಣಕಲ್ಲನ್ನೇ ಕೊಳ್ಳುತ್ತಾರೆ. ಲವಣದ ಪುಡಿಯನ್ನು ಅಳೆದು ಕಲಸಿ, ಕಲ್ಲನ್ನು ಅದರಲ್ಲಿ ಮುಳುಗಿಸಿ, ಅಣುಜೀವಿಗಳಿಗೆ ಮೇವಾಗಲೆಂದು ಒಂದಿಷ್ಟು ಅಮೋನಿಯಾ ಹಾಕಿ ಇಡುತ್ತಾರೆ. ತೊಟ್ಟಿ ತೀರ ಚಿಕ್ಕದಾದರೆ ಅಗ್ಗವೆಂದು ಕಂಡರೂ ನೀರು ಬೇಗ ಕೆಡುತ್ತದೆ, ಬೇಗ ಕಾಯುತ್ತದೆ. ಸ್ವಲ್ಪ ದೊಡ್ಡದೇ ಒಳ್ಳೆಯದು. ಮೀನನ್ನು ಕೊಳ್ಳುವಾಗಲೂ ಕಡಲಿನಿಂದ ಹಿಡಿದದ್ದನ್ನು ಬಿಟ್ಟು, ತೊಟ್ಟಿಯಲ್ಲೇ ಹುಟ್ಟಿಬೆಳೆದದ್ದನ್ನು ಕೇಳಿ ಪಡೆಯುತ್ತಾರೆ. ಅದಕ್ಕೆ ಮುಂಚೆ ಮೀನಿಲ್ಲದ ನೀರನ್ನು ದಿನವೂ ನೋಡುತ್ತ, ಎರಡು ಮೂರು ದಿನಗಳಿಗೊಮ್ಮೆ ಸಣ್ಣ ಗಾಜಿನ ನಳಿಕೆಯಲ್ಲಿ ಹನಿ ಔಷಧ ಹಾಕಿ ಬಣ್ಣ ಪರೀಕ್ಷಿಸಬೇಕು. ಅಮೋನಿಯಾ ಏರಿ ಇಳಿಯಬೇಕು, ನೈಟ್ರೈಟ್ ಏರಿ ಇಳಿಯಬೇಕು. ಗಾಸ್‌ಗೆ ಒಂದು ವಾರ ಸಾಕಾಯಿತು, ಆತನ ಕಲ್ಲುಗಳಲ್ಲಿ ಕಡಲು ಮೊದಲೇ ಇತ್ತು. ಒಣಕಲ್ಲಿಗೆ ಆರು ವಾರವೂ ಹಿಡಿಯುತ್ತದೆ, ಎಂಟು ವಾರವೂ ಹಿಡಿಯುತ್ತದೆ.